ಏಳನೇ ಕೊಳವೆ ಮತ್ತು ಜರಡಿಯಕ್ಕ

ಬೀಜದ ಗಿರಣಿಯವನು ಜರಡಿಯಕ್ಕನಿಗೆ ಹನ್ನೊಂದು ವಾರದ ಕೂಲಿ ಕೊಡುವುದು ಇವತ್ತಿಗೂ ಬಾಕಿ ಇದೆ. ಗೇಟಿಗೆ ಬೀಗ ಬಿದ್ದು ಆರು ವರ್ಷವಾಯಿತು. ಮೂವತ್ತೊಂದು ಹೆಂಗಸರು ಆ ಗೇಟಿನ ಮುಂದೆ ಇಪ್ಪತ್ತಾರು ದಿನ ಕೂತರು, ಕೂಗಿದರು, ಗಂಟಲು ಕಟ್ಟಿದಾಗ ತಟ್ಟೆ ಬಡಿದರು. ಮಾಲೀಕ ಕಾರಿನ ಗಾಜನ್ನು ನಾಲ್ಕು ಬೆರಳಿನಷ್ಟು ಇಳಿಸಿ ಹೇಳಿದ್ದು ಇಷ್ಟೇ: ಬಿತ್ತನೆ ಬೀಜದಲ್ಲಿ ಕಳೆಬೀಜ ಬೆರೆತದ್ದು ಇವರ ಕೈತಪ್ಪಿನಿಂದ, ಮಾಲು ವಾಪಸ್ ಬಂದದ್ದು ಇವರಿಂದ, ಇನ್ನು ಕೂಲಿ ಎಲ್ಲಿಂದ ತರಲಿ. ಹಳೆಯ ಬೀಜವನ್ನು ಹೊಸದಕ್ಕೆ ಬೆರೆಸಿದವನು ಅವನೇ ಎಂಬುದು ಗೇಟಿನ ನಾಯಿಗೂ ಗೊತ್ತಿತ್ತು. ಆದರೆ ತೋರಿಸುವುದಕ್ಕೆ ಒಂದು ಹಿಡಿ ಬೀಜವೂ ಉಳಿದಿರಲಿಲ್ಲ. ಗೋದಾಮನ್ನು ಗುಡಿಸಿ, ತೊಳೆದು, ಒರೆಸಿ ಇಟ್ಟಿದ್ದ. ಮೂವತ್ತೊಂದು ಜನರ ತಲೆಯ ಮೇಲೆ ಗೂಬೆ ಕೂರಿಸಿ ಅವನು ಹೋದ.

ಹತ್ತೊಂಬತ್ತು ವರ್ಷ ಒಂದೇ ಗಿರಣಿಯಲ್ಲಿ ಜರಡಿ ಹಿಡಿದವಳನ್ನು ಜನ ಜರಡಿಯಕ್ಕ ಅನ್ನದೆ ಇನ್ನೇನು ಅನ್ನುತ್ತಾರೆ. ಗಿಡ್ಡ ಆಳು, ಅಗಲವಾದ ಅಂಗೈ, ಮಾತಿಗೆ ಮುಂಚೆ ಹುಬ್ಬು ಎತ್ತುವ ಅಭ್ಯಾಸ. ಬೆರಳ ತುದಿಯಲ್ಲಿ ಉರುಳಿಸಿದರೆ ಸಾಕು, ಕಾಳಿಗೂ ಕಳೆಗೂ ಇರುವ ವ್ಯತ್ಯಾಸ ಅವಳಿಗೆ ಕಣ್ಣು ಬೇಡದೆಯೇ ಗೊತ್ತಾಗುತ್ತಿತ್ತು. ಗಿರಣಿ ಮುಚ್ಚಿದ ಮೇಲೆ ಒಂದು ವರ್ಷ ಮೆಟ್ಟಿಲು ಒರೆಸಿದಳು, ಇನ್ನೊಂದು ವರ್ಷ ಆಸ್ಪತ್ರೆಯ ಹೊದಿಕೆಗಳನ್ನು ಮಡಚಿದಳು. ಬಸ್ ಡಿಪೋದಲ್ಲಿ ಟೈರು ಬದಲಿಸುವ ಗಂಡ ಒಂದು ದಿನ ಸುದ್ದಿ ತಂದ: ಪ್ರಯೋಗಾಲಯದ ಹೊರಗೋಡೆಗೆ ಚೀಟಿ ಅಂಟಿಸಿದ್ದಾರೆ, ಬೀಜ ಗುರುತಿಸಬಲ್ಲವರು ಬೇಕಂತೆ.

ಪರೀಕ್ಷೆಗೆ ಆರು ಜನ ಬಂದಿದ್ದರು. ಐವರು ಕಾಲೇಜು ಮುಗಿಸಿದವರು. ಒಬ್ಬೊಬ್ಬರ ಮುಂದೆಯೂ ಒಂದು ಬಟ್ಟಲು, ಬಟ್ಟಲಲ್ಲಿ ನಲವತ್ತು ಬಗೆಯ ಬೀಜ ಬೆರೆಸಿಟ್ಟಿದ್ದರು. ಬೇರೆ ಬೇರೆ ಮಾಡಿ ಅಂದರು. ಉಳಿದವರು ಭೂತಗನ್ನಡಿಗೆ ಕೈಚಾಚುವಷ್ಟರಲ್ಲಿ ಜರಡಿಯಕ್ಕ ಬಟ್ಟಲನ್ನು ಕಾಗದದ ಮೇಲೆ ಬೋರಲು ಹಾಕಿ, ಎರಡು ಬೆರಳಿನಲ್ಲಿ ಸರಸರ ಎಳೆಯಲು ಶುರು ಮಾಡಿದಳು. ಇಪ್ಪತ್ತೆರಡು ನಿಮಿಷಕ್ಕೆ ಕೈ ಕೊಡವಿಕೊಂಡು ಎದ್ದಳು.

ಮೂವತ್ತು ವರ್ಷದಿಂದ ಮಣ್ಣಿನೊಳಗಿನ ಗಿಡಗಳನ್ನೇ ಓದಿಕೊಂಡು ಬಂದ ದೊಡ್ಡ ಮೇಡಂ ಗುಡ್ಡೆಗಳನ್ನು ಎಣಿಸಿದರು. "ಮೂವತ್ತೊಂಬತ್ತೇ ಇದೆಯಲ್ಲ. ಒಂದು ಬಗೆ ಎಲ್ಲಿ ಹೋಯ್ತು?"

"ಅಲ್ಲಿ ಮೂಲೇಲಿ ಇಟ್ಟಿದೀನಿ ಮೇಡಂ. ಅದು ಬೀಜ ಅಲ್ಲ, ಇಲಿ ಹಿಕ್ಕೆ."

ಮೇಡಂ ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಹಿಡಿದು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು. ಸೋಮವಾರದಿಂದ ಬನ್ನಿ ಅಂದರು.

ಕೆಲಸ ಏನೆಂದು ಕೇಳಿದ ಅತ್ತೆ ಮೂಗು ಮುರಿದಳು. "ಕೆಸರು ತೊಳೆಯೋಕೆ ಸಂಬಳ ಕೊಡ್ತಾರೇನೇ? ಹಾಗಿದ್ರೆ ನಮ್ಮ ಬಾಗಿಲ ಮುಂದೆ ಬೇಕಾದಷ್ಟು ಬಿದ್ದಿದೆ, ಅದನ್ನೂ ತಗೊಂಡು ಹೋಗು."

"ಇದು ಹೊಸ ಕೆಸರು ಅತ್ತೆ. ಅವರಿಗೆ ಹಳೇದು ಬೇಕಂತೆ."

"ಎಷ್ಟು ಹಳೇದು?"

"ಒಂದು ಲಕ್ಷದ ಇಪ್ಪತ್ತು ಸಾವಿರ ವರ್ಷ."

ಅತ್ತೆ ಹಣೆ ಚಚ್ಚಿಕೊಂಡಳು. "ಅಷ್ಟು ವರ್ಷ ತೊಳೀದೆ ಬಿಟ್ಟಿದ್ರಾ? ಯಾರ ಮನೆ ಸೊಸೇರಪ್ಪ ಅವರು."

ಊರ ಹೊರಗೆ ಇಟ್ಟಿಗೆಗೆ ಮಣ್ಣು ತೆಗೆದು ತೆಗೆದು ಆಳವಾದ ಒಂದು ಹಳ್ಳವಿದೆ. ಅದರ ತಳದಲ್ಲಿ ಮಣ್ಣಿನ ಬಣ್ಣ ತಟ್ಟನೆ ಬದಲಾಗಿ ಕಪ್ಪಾಗುತ್ತದೆ. ಒಂದು ಕಾಲಕ್ಕೆ ಅದು ಕೆರೆ. ಭೂಮಿ ಒಂದೇ ಸಮ ಹೀಗೇ ಇರಲಿಲ್ಲ. ಬಡಗಣದ ಆ ತಣ್ಣನೆಯ ಸೀಮೆಯಲ್ಲಿ ಹಿಮ ಬಂದು ಎಲ್ಲವನ್ನೂ ಮುಚ್ಚುತ್ತಿತ್ತು, ಸಾವಿರಾರು ವರ್ಷ ಬಿಟ್ಟು ಕರಗುತ್ತಿತ್ತು, ಮತ್ತೆ ಬರುತ್ತಿತ್ತು. ಹೀಗೆ ಎರಡು ಹಿಮಗಾಲಗಳ ನಡುವೆ ಸಿಕ್ಕಿದ ಒಂದು ಬೆಚ್ಚನೆಯ ಕಾಲದಲ್ಲಿ ಆ ಕೆರೆ ಇತ್ತು. ದಡದ ಗಿಡಗಳ ಎಲೆ, ಕಾಯಿ, ಬೀಜ ವರ್ಷವರ್ಷವೂ ನೀರಿಗೆ ಬಿದ್ದು ಕೆಸರಿನಲ್ಲಿ ಹೂತುಹೋದವು. ಗಾಳಿ ತಾಗದ್ದರಿಂದ ಕೊಳೆಯಲಿಲ್ಲ. ಕೆಳಗಿನದು ಹಳೆಯದು, ಮೇಲಿನದು ಹೊಸದು. ಆ ಕೆಸರನ್ನು ಕ್ರಮವಾಗಿ ಓದಿದರೆ ಚಳಿ ಯಾವಾಗ ಹೋಯಿತು, ಬಿಸಿ ಎಷ್ಟು ಬಂತು, ಎಷ್ಟು ಕಾಲ ನಿಂತಿತು ಎಂಬುದು ತಿಳಿಯುತ್ತದೆ. ಮುಂದೆ ನಮ್ಮ ಬಿಸಿಲು ಏನು ಮಾಡೀತು ಎಂದು ಲೆಕ್ಕ ಹಾಕುವವರಿಗೆ ಇದು ಬೇಕು.

ಮೇಡಂ ಡ್ರಿಲ್ಲಿಂಗ್ ಯಂತ್ರ ತರಿಸಿ ಒಂದೊಂದು ಮೀಟರ್ ಉದ್ದದ ಒಂಬತ್ತು ಕೊಳವೆಗಳಲ್ಲಿ ಆ ಕೆಸರನ್ನು ಮೇಲೆತ್ತಿಸಿದ್ದರು. ಒಂದನೆಯದು ಎಲ್ಲಕ್ಕಿಂತ ಮೇಲೆ, ಒಂಬತ್ತನೆಯದು ತಳ. ಪ್ರತಿ ಕೊಳವೆಯನ್ನೂ ಉದ್ದಕ್ಕೆ ಸೀಳಿ ಎರಡು ಭಾಗ ಮಾಡಿದರು. ಒಂದು ಅರ್ಧ ಕೆಲಸಕ್ಕೆ, ಇನ್ನೊಂದು ಅರ್ಧ ಪ್ಲಾಸ್ಟಿಕ್ ಸುತ್ತಿಕೊಂಡು ಶೀತಕೋಣೆಗೆ.

ಕೆಲಸದ ಅರ್ಧ ಬಂದು ಬೀಳುತ್ತಿದ್ದುದು ಜರಡಿಯಕ್ಕನ ಕೈಗೆ. ಕಟ್ಟಡದ ಹಿಂಭಾಗದಲ್ಲಿ ಸೈಕಲ್ ಸ್ಟ್ಯಾಂಡಿನತ್ತ ಕಿಟಕಿಯಿರುವ ಉದ್ದನೆಯ ಕೋಣೆ, ಸತುವಿನ ತಗಡಿನ ತೊಟ್ಟಿ, ಎರಡು ನಲ್ಲಿ. ಎರಡರಲ್ಲೂ ತಣ್ಣೀರೇ. ಒಂದು ಬೆರಳು ದಪ್ಪದ ಹೋಳು ಕೆಸರನ್ನು ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ನೆನೆಹಾಕಬೇಕು. ಮೆದುವಾದ ಮೇಲೆ ಒಂದರ ಮೇಲೊಂದು ಇಟ್ಟ ಮೂರು ಜರಡಿಗಳಲ್ಲಿ ಸುರಿದು, ಸಣ್ಣ ಧಾರೆ ಬಿಟ್ಟು ತೊಳೆಯಬೇಕು. ಜೇಡಿ ಹರಿದುಹೋಗುತ್ತದೆ, ಗಿಡದ ಚೂರುಗಳು ನಿಲ್ಲುತ್ತವೆ. ಅವನ್ನು ಗಾಜಿನ ತಟ್ಟೆಗೆ ಹಾಕಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಮೂರೇ ಮೂರು ಕೂದಲಿನ ಒದ್ದೆ ಕುಂಚದಿಂದ ಒಂದೊಂದನ್ನೇ ಹೆಕ್ಕಿ ಸೀಸೆಗೆ ಇಳಿಸಬೇಕು. ಸೀಸೆಯ ಮೇಲೆ ಕೊಳವೆಯ ಸಂಖ್ಯೆ, ಹೋಳಿನ ಸಂಖ್ಯೆ. ಒಂದು ಕೊಳವೆಗೆ ಐವತ್ತು ಹೋಳು. ಚಳಿಗಾಲದಲ್ಲಿ ಬೆರಳ ಸಂದಿ ಬಿರಿದು ಸೋಡಾ ಉರಿಯುತ್ತಿತ್ತು. ಅದಕ್ಕೆ ಮುಲಾಮು ಹಚ್ಚುವಂತಿಲ್ಲ, ಮಾದರಿಗೆ ಎಣ್ಣೆ ತಾಗುತ್ತದೆ.

ಗಿರಣಿಯಿಂದ ಅವಳು ತಂದದ್ದು ಒಂದೇ ಪದ್ಧತಿ: ಒಂದು ಚೀಲದ ಬಾಯಿ ಕಟ್ಟದೆ ಇನ್ನೊಂದರ ಬಾಯಿ ಬಿಚ್ಚುವುದಿಲ್ಲ. ಇಲ್ಲೂ ಹಾಗೆಯೇ. ಒಂದು ಹೋಳು ಮುಗಿದು, ಸೀಸೆಯ ಬಿರಡೆ ಹಾಕಿ, ಜರಡಿಯನ್ನು ತಿರುಗಿಸಿ ತೊಳೆದು, ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ಮುಂದಿನದು. ಮಧ್ಯದಲ್ಲಿ ಬೆಂಕಿ ಬಿದ್ದಿದೆ ಅಂದರೂ ಅವಳು ಜಪ್ಪಯ್ಯ ಅನ್ನುತ್ತಿರಲಿಲ್ಲ.

ಮೊದಲ ವಾರದಲ್ಲೇ ಒಂದು ಎಲೆ ಸಿಕ್ಕಿತು. ಉಗುರಿನಗಲ, ನರ ನರವೂ ಕಾಣುತ್ತಿತ್ತು. ಕೆಸರಿನಿಂದ ಬಿಚ್ಚಿದಾಗ ಹಸಿರಾಗಿಯೇ ಇತ್ತು. ಹತ್ತು ಎಣಿಸುವಷ್ಟರಲ್ಲಿ ಗಾಳಿ ತಾಗಿ ಕಪ್ಪಾಯಿತು. ಹಿಮದ ಅಂಚಿನಲ್ಲಿ ಮೊಣಕಾಲೆತ್ತರಕ್ಕೂ ಬೆಳೆಯದ ವಿಲ್ಲೋ ಗಿಡವದು, ಚಳಿಯ ಗುರುತು ಎಂದು ಮೇಡಂ ಹೇಳಿದರು. ಅದರ ಉದ್ದನೆಯ ಲ್ಯಾಟಿನ್ ಹೆಸರು ಜರಡಿಯಕ್ಕನ ನಾಲಿಗೆಗೆ ಹೊರಳಲಿಲ್ಲ. ಅವಳು ಅದಕ್ಕೆ ಕುಳ್ಳಿ ಎಂದು ಹೆಸರಿಟ್ಟಳು. ಇನ್ನೊಂದು, ನೀರ ಮೇಲೆ ತೇಲುವ ಗಿಡದ ಕಾಯಿ, ನಾಲ್ಕು ಕೊಂಬು, ತುದಿಯಲ್ಲಿ ಮುಳ್ಳು. ಬೇಸಿಗೆ ಚೆನ್ನಾಗಿ ಕಾಯ್ದರೆ ಮಾತ್ರ ಅದು ಬಲಿಯುತ್ತದೆ. ಈಗ ಆ ಸೀಮೆಯ ಕೆರೆಗಳಲ್ಲಿ ಅದು ಬೆಳೆಯುವುದೇ ಇಲ್ಲ, ಈಗಿನ ಬಿಸಿ ಸಾಲದು. ಅದಕ್ಕೆ ಗೂಳಿ ಎಂದಳು. ಇಡೀ ಕಾಯಿ ಅಪರೂಪ, ಕೊಂಬಿನ ತುದಿಗಳೇ ಹೆಚ್ಚು. ಎರಡು ತಿಂಗಳಲ್ಲಿ ಮೇಡಂ ಕೂಡ "ಇವತ್ತು ಗೂಳಿ ಎಷ್ಟು?" ಎಂದೇ ಕೇಳತೊಡಗಿದರು. ಕುಳ್ಳಿ ಇದ್ದರೆ ಚಳಿ, ಗೂಳಿ ಇದ್ದರೆ ಬಿಸಿ. ಅಷ್ಟು ತಿಳಿದರೆ ಮುಂದಿನ ಕತೆಗೆ ಸಾಕು.

ತಳದಿಂದ ಶುರು ಮಾಡಿದ್ದರು. ಒಂಬತ್ತನೇ ಕೊಳವೆ ಪೂರ್ತಿ ಕುಳ್ಳಿ. ಎಂಟನೆಯದೂ ಕುಳ್ಳಿ. ಮೇಲಕ್ಕೆ ಬಂದಂತೆ ಕುಳ್ಳಿ ಕಡಿಮೆಯಾಗಿ ಗೂಳಿ ಬರಬೇಕು, ಅಂದರೆ ಚಳಿ ಹೋಗಿ ಬಿಸಿ ಬರಬೇಕು. ಏಳನೇ ಕೊಳವೆಯಲ್ಲಿ ಆದದ್ದೇ ಬೇರೆ. ಅದರ ಕೆಳತುದಿಯಲ್ಲಿ ಗೂಳಿ ಕಿಕ್ಕಿರಿದಿತ್ತು. ಮೇಲಕ್ಕೆ ಬಂದಂತೆ ಗೂಳಿ ಮಾಯವಾಗಿ ಮತ್ತೆ ಕುಳ್ಳಿ. ಆರನೆಯದನ್ನು ತೆರೆದರೆ ಇದ್ದಕ್ಕಿದ್ದಂತೆ ಮತ್ತೆ ಗೂಳಿ. ಅಲ್ಲಿಂದ ಮೇಲೆ ಎಲ್ಲ ಸರಿಯಾಗಿಯೇ ಇತ್ತು, ಒಂದನೆಯದರ ಕೆಲವು ಹೋಳು ಮಾತ್ರ ತೊಳೆಯುವುದು ಉಳಿದಿತ್ತು.

ಸೋಮವಾರ ಬೆಳಿಗ್ಗೆ ಮೇಡಂ ಹಾಳೆಗಳನ್ನು ಹಿಡಿದುಕೊಂಡು ತೊಳೆಯುವ ಕೋಣೆಗೆ ಬಂದರು. ಮುಖ ಊದಿಕೊಂಡಿತ್ತು.

"ಏಳನೇದು ಯಾರು ತೊಳೆದಿದ್ದು?"

"ನಾನೇ ಮೇಡಂ. ಐವತ್ತೂ."

"ಚಳಿ, ತಕ್ಷಣ ಬಿಸಿ, ಮತ್ತೆ ಚಳಿ, ಮತ್ತೆ ತಕ್ಷಣ ಬಿಸಿ. ಹೀಗೆ ಎಲ್ಲೂ ಇಲ್ಲ. ಬೇರೆ ಯಾವ ಕೆರೆಯಲ್ಲೂ ಇಲ್ಲ. ಒಂದೋ ಆಕಾಶಕ್ಕೆ ಹುಚ್ಚು ಹಿಡಿದಿರಬೇಕು, ಇಲ್ಲ ನೀವು ಸೀಸೆಗಳನ್ನ ಕಲಸಿರಬೇಕು."

"ನಾನು ಕಲಸಿಲ್ಲ."

"ಬೇಕಂತ ಅಂತ ನಾನು ಹೇಳ್ತಿಲ್ಲ. ಕೈತಪ್ಪು ಎಲ್ಲರಿಗೂ ಆಗುತ್ತೆ." ಮೇಡಂ ದನಿ ತಗ್ಗಿಸಿದರು. "ಶುಕ್ರವಾರ ಸಮಿತಿ ಬರ್ತಿದೆ. ಈ ಕೆಲಸ ಮುಂದುವರಿಯಬೇಕೋ ನಿಲ್ಲಬೇಕೋ ಅವರು ತೀರ್ಮಾನ ಮಾಡೋದು. ಇದನ್ನ ಇಟ್ಟುಕೊಂಡು ಅವರ ಮುಂದೆ ಕೂರೋಕಾಗಲ್ಲ. ಏಳನೇದನ್ನ ಪೂರ್ತಿ ಕೈಬಿಡ್ತೀನಿ. ಮಾದರಿ ಕೆಟ್ಟಿದೆ ಅಂತ ಬರೀತೀನಿ. ನೀವು ಈ ವಾರ ಮುಗಿಸಿ. ಆಮೇಲೆ ಬೇರೆ ವ್ಯವಸ್ಥೆ ನೋಡೋಣ."

ಬೇರೆ ವ್ಯವಸ್ಥೆ ಅಂದರೆ ಬೇರೆಯವರು. ಜರಡಿಯಕ್ಕನಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಕೈತಪ್ಪು ಎಂಬ ಮಾತನ್ನು ಕಾರಿನ ಗಾಜಿನ ನಾಲ್ಕು ಬೆರಳ ಸಂದಿಯಿಂದ ಒಮ್ಮೆ ಕೇಳಿಸಿಕೊಂಡಿದ್ದಳು. ಎರಡನೇ ಸಲ ಹೊಟ್ಟೆಗೆ ಹಾಕಿಕೊಳ್ಳುವ ಹೆಂಗಸಲ್ಲ ಅವಳು.

ಆ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲಿಲ್ಲ. ಏಳನೇ ಕೊಳವೆಯ ಐವತ್ತು ಸೀಸೆಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದಳು. ಎಡಗಡೆ ಮೇಲ್ತುದಿಯ ಒಂದು, ಬಲಗಡೆ ಕೆಳತುದಿಯ ಐವತ್ತು. ಬೆಳಕು ಹಿಂದಿನಿಂದ ಬರುತ್ತಿತ್ತು, ಒಳಗಿನ ಕಪ್ಪು ಚೂರುಗಳು ಎದ್ದು ಕಂಡವು. ನಿಂತು ನೋಡಿದಳು, ಕೂತು ನೋಡಿದಳು. ಕಲಸಿದ್ದರೆ ಹೇಗಿರಬೇಕು? ಗಿರಣಿಯಲ್ಲಿ ಎರಡು ಚೀಲ ಮಗುಚಿಕೊಂಡಾಗ ಕಂಡಿದ್ದಳಲ್ಲ. ಅಲ್ಲೊಂದು ಇಲ್ಲೊಂದು, ಹೇಗೆಂದರೆ ಹಾಗೆ. ಇಲ್ಲಿ ಹಾಗಿರಲಿಲ್ಲ. ಬಲಗಡೆಯಿಂದ ಗೂಳಿ ಹದಿನೆಂಟು, ಹದಿನೈದು, ಹನ್ನೊಂದು, ಏಳು ಎಂದು ಇಳಿಯುತ್ತ ಬಂದು ಇಲ್ಲವಾಗುತ್ತಿತ್ತು. ಅದು ಇಳಿದ ಲೆಕ್ಕಕ್ಕೆ ಸರಿಯಾಗಿ ಕುಳ್ಳಿ ಎರಡು, ಐದು, ಹತ್ತು ಎಂದು ಏರುತ್ತಿತ್ತು. ಶಾಲೆಯ ಮಕ್ಕಳು ಪ್ರಾರ್ಥನೆಗೆ ನಿಂತಷ್ಟು ಸಾಲಾಗಿ ನಿಂತಿದ್ದವು. ಇಷ್ಟು ನೀಟಾಗಿ ಕಲಸುವುದು ಅವಳಪ್ಪನ ಕೈಲೂ ಆಗದ ಕೆಲಸ.

ಸಾಲು ಸರಿಯಾಗಿದೆ, ಮುಖ ಮಾತ್ರ ಆಚೆಗಿದೆ.

ಒಂದೊಂದೇ ಸೀಸೆಯನ್ನು ಎತ್ತಿ ಸಾಲನ್ನೇ ತಿರುವಿಟ್ಟಳು. ಒಂದು ಇದ್ದ ಕಡೆ ಐವತ್ತು, ಐವತ್ತು ಇದ್ದ ಕಡೆ ಒಂದು. ಒಂದು ಪಕ್ಕಕ್ಕೆ ಆರನೇ ಕೊಳವೆಯ ತಳದ ಸೀಸೆ, ಇನ್ನೊಂದು ಪಕ್ಕಕ್ಕೆ ಎಂಟನೇ ಕೊಳವೆಯ ತಲೆಯ ಸೀಸೆ ಇಟ್ಟಳು. ಗೂಳಿಯ ಪಕ್ಕ ಗೂಳಿ ಬಂತು, ಕುಳ್ಳಿಯ ಪಕ್ಕ ಕುಳ್ಳಿ. ಎಲ್ಲೂ ಜಿಗಿತವಿಲ್ಲ. ಕೆಸರು ಕೆಟ್ಟಿಲ್ಲ, ಸೀಸೆ ಕಲಸಿಲ್ಲ. ಅವಳ ಕೈಗೆ ಬರುವ ಮೊದಲೇ ಕೊಳವೆ ತಲೆಕೆಳಗಾಗಿತ್ತು.

ಮಂಗಳವಾರ ಅದನ್ನು ಮೇಡಂಗೆ ತೋರಿಸಿದಳು. ಮೇಡಂ ಸಾಲನ್ನು ನೋಡಿ ತುಟಿ ಕಚ್ಚಿದರು, ಆದರೆ ಒಪ್ಪಲಿಲ್ಲ. "ತಿರುಗಿಸಿ ಇಟ್ಟರೆ ಚೆನ್ನಾಗಿ ಕಾಣುತ್ತೆ ಅಂತ ತಿರುಗಿಸಿದ್ರೆ ಅದನ್ನ ವಿಜ್ಞಾನ ಅನ್ನಲ್ಲ, ಮೋಸ ಅಂತಾರೆ. ಸಮಿತಿಯವರು ಮೊದಲು ಕೇಳೋದೇ ಅದನ್ನ. ತಿರುಗಿತ್ತು ಅನ್ನೋಕೆ ಸಾಕ್ಷಿ ಎಲ್ಲಿ?"

ಮಾತು ಸರಿಯಾಗಿಯೇ ಇತ್ತು. ಜರಡಿಯಕ್ಕ ಬೈದುಕೊಂಡು ಮನೆಗೆ ಹೋದಳು. ಸಂಜೆ ಬಾಗಿಲ ಮುಂದೆ ಅತ್ತೆ ಕಳೆ ಕೀಳುತ್ತಿದ್ದಳು. ಒಂದು ಗಿಡ ಬುಡಕ್ಕೆ ಕಿತ್ತುಬಂತು, ಬೇರಿನ ತುಂಬ ಮಣ್ಣು.

"ಏನೇ ಹಾಗೆ ನಿಂತೆ? ಗರ ಬಡಿಯಿತಾ?" ಅಂದಳು ಅತ್ತೆ.

ಜರಡಿಯಕ್ಕ ಗಿಡವನ್ನೇ ನೋಡುತ್ತಿದ್ದಳು. ಏಳನೇ ಕೊಳವೆಯ ಮೂವತ್ತನೇ ಹೋಳಿನ ಆಸುಪಾಸಿನಲ್ಲಿ ಜರಡಿಯ ಮೇಲೆ ನಿಂತದ್ದು ಜೊಂಡಿನ ಬುಡದ ಚೂರು, ಬೇರಿನ ಎಳೆ. ಅಂದರೆ ಯಾವುದೋ ಬರಗಾಲದಲ್ಲಿ ಕೆರೆಯ ನೀರು ಇಳಿದು, ಆ ಕೆಸರಿನಲ್ಲಿ ಜೊಂಡು ಬೇರು ಬಿಟ್ಟು ನಿಂತಿತ್ತು. ತೊಳೆದ ಅರ್ಧದಲ್ಲಿ ಬೇರು ಯಾವ ದಿಕ್ಕಿಗಿತ್ತೋ, ಎಲ್ಲ ಚೂರಾಗಿಹೋಗಿದೆ. ಆದರೆ ಇನ್ನೊಂದು ಅರ್ಧ ಶೀತಕೋಣೆಯಲ್ಲಿ ಹಾಗೆಯೇ ಮಲಗಿದೆ.

ಬುಧವಾರ ಬೆಳಿಗ್ಗೆ ಅದನ್ನು ತೆಗೆಸಿ ಅಂದಳು. ಮೇಡಂ ಖಡಾಖಂಡಿತವಾಗಿ ಆಗಲ್ಲ ಅಂದರು. ಆ ಅರ್ಧ ಮುಂದೆ ಇಪ್ಪತ್ತು ಮೂವತ್ತು ವರ್ಷಕ್ಕೆ ಬರುವವರಿಗೆ ಎಂದು ಇಟ್ಟದ್ದು. ಒಂದು ಸಲ ಬಿಚ್ಚಿದರೆ ಗಾಳಿ ತಾಗುತ್ತದೆ. ಕೆಲಸದವರು ಕೇಳಿದರೆಂದು ಬಿಚ್ಚುವ ನಿಯಮವಿಲ್ಲ.

ಜರಡಿಯಕ್ಕ ವಾದ ಮಾಡಲಿಲ್ಲ. ತನ್ನ ಮೂರು ಕಾಲಿನ ಸ್ಟೂಲನ್ನು ಎತ್ತಿಕೊಂಡು ಹೋಗಿ ಶೀತಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಕೂರುವ ಕಸುಬು ಅವಳಿಗೆ ಹೊಸದಲ್ಲ.

ಶೀತಕೋಣೆಯ ಕಾವಲಿನವನನ್ನು ಎಲ್ಲರೂ ಚಳಿಯಪ್ಪ ಅನ್ನುತ್ತಿದ್ದರು. ಬೇಸಿಗೆಯಲ್ಲೂ ಉಣ್ಣೆಯ ಟೋಪಿ ಹಾಕುವ ಆಸಾಮಿ. ಒಂಬತ್ತು ಗಂಟೆಗೆ ಬಂದು ನೋಡಿ ಟೋಪಿ ಸರಿಮಾಡಿಕೊಂಡ.

"ಏನಕ್ಕ ಇದು, ಬಾಗಿಲಿಗೆ ನೀನೇ ಬೀಗ ಆಗಿಬಿಟ್ಟಿದೀಯ?"

"ನಿನ್ನ ಬೀಗ ತೆಗೆಯೋವರೆಗೂ ಇದೇ ಬೀಗ."

"ನಾನು ಒಳಗೆ ಹೋಗಬೇಕಲ್ಲ. ಡಿಗ್ರಿ ನೋಡಿ ಬರೀಬೇಕು."

"ಬರಿ. ಹೊರಗಡೆ ಡಿಗ್ರಿ ಜಾಸ್ತಿಯಾಗಿದೆ ಅಂತ ಬರಿ."

ಚಳಿಯಪ್ಪ ನಕ್ಕ. ಸ್ವಲ್ಪ ಹೊತ್ತಿಗೆ ಎರಡು ಲೋಟ ಟೀ ತಂದು ಒಂದನ್ನು ಅವಳ ಕೈಗೆ ಕೊಟ್ಟು, ತಾನೂ ನೆಲದ ಮೇಲೆ ಕೂತ. ಬಂದವರಿಗೆಲ್ಲ ನಾನು ಮಾದರಿ ಕಾಯುತ್ತಿದ್ದೇನೆ ಎಂದು ಹೇಳುತ್ತಿದ್ದ. ಹನ್ನೆರಡಕ್ಕೆ ಪಕ್ಕದ ವಿಭಾಗದ ಗಾಜು ತೊಳೆಯುವ ಹೆಂಗಸರಿಬ್ಬರು ಬಂದು ಸೇರಿದರು. ಅವರಿಗೆ ಕೊಳವೆಯ ಸುದ್ದಿ ಗೊತ್ತಿರಲಿಲ್ಲ, ಯಾರೋ ಕೂತಿದ್ದಾರೆ ಅಂದರೆ ಸಾಕಾಗಿತ್ತು. ಎರಡು ಗಂಟೆಗೆ ಗಂಡ ಡಿಪೋದ ಗ್ರೀಸ್ ಕೈಯಲ್ಲೇ ಬಂದು ಡಬ್ಬಿ ಇಟ್ಟು, "ಅಮ್ಮ ಕಳಿಸಿದ್ಲು. ಖಾಲಿ ಹೊಟ್ಟೇಲಿ ಜಗಳ ಆಡಬೇಡ ಅಂದ್ಲು," ಎಂದು ಹೇಳಿ ಹೋದ.

ಮೂರೂವರೆಗೆ ಮೇಡಂ ಬಂದರು. ಕಾರಿಡಾರಿನಲ್ಲಿ ಏಳೆಂಟು ಜನ ನೆರೆದಿದ್ದರು.

"ಇದು ಗಿರಣಿ ಗೇಟಲ್ಲ," ಅಂದರು ಮೇಡಂ.

"ಗೊತ್ತು ಮೇಡಂ. ಅಲ್ಲಿ ಒಳಗೆ ಏನೂ ಉಳಿದಿರಲಿಲ್ಲ. ಇಲ್ಲಿ ಅರ್ಧ ಕೊಳವೆ ಉಳಿದಿದೆ."

"ಬಿಚ್ಚಿದ ಮೇಲೆ ಬೇರು ನೀವು ಹೇಳಿದ ಹಾಗಿಲ್ಲ ಅಂದ್ರೆ?"

"ಶುಕ್ರವಾರದವರೆಗೂ ಕಾಯಲ್ಲ. ಇವತ್ತೇ ಏಪ್ರನ್ ಬಿಚ್ಚಿಟ್ಟು ಹೋಗ್ತೀನಿ. ಕಲಸಿದ್ದು ನಾನೇ ಅಂತ ಬರೆದುಕೊಟ್ಟು ಹೋಗ್ತೀನಿ. ನಾನು ಹೇಳಿದ ಹಾಗೆ ಇದ್ರೆ ಏನು ಮಾಡ್ತೀರಿ, ಅದನ್ನ ನೀವು ಈಗ ಹೇಳಿ. ಇವರೆಲ್ಲ ಕೇಳಿಸ್ಕೊಳ್ಳಲಿ."

ಮೇಡಂ ಎಲ್ಲರ ಮುಖ ನೋಡಿದರು. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಅದು ಅವರ ದೊಡ್ಡತನ, ಅದನ್ನು ಮುಚ್ಚಿಡುವುದು ಬೇಡ. "ಇದ್ದರೆ ಸಮಿತಿ ಮುಂದೆ ನೀವೇ ನಿಂತು ಹೇಳ್ತೀರಿ. ನಾನು ಪಕ್ಕದಲ್ಲಿ ಕೂತಿರ್ತೀನಿ," ಅಂದರು. ಕಿಸೆಯಿಂದ ಪೆನ್ನು ತೆಗೆದು ಚಳಿಯಪ್ಪನ ಪುಸ್ತಕಕ್ಕೆ ಸಹಿ ಹಾಕಿದರು.

ಅರ್ಧ ಕೊಳವೆಯನ್ನು ಮೇಜಿನ ಮೇಲೆ ಮಲಗಿಸಿದರು. ಒಂದು ತುದಿಯಲ್ಲಿ ನೀಲಿ ಶಾಯಿಯಲ್ಲಿ 'ಮೇಲೆ' ಎಂದು ಬರೆದಿತ್ತು. ಪ್ಲಾಸ್ಟಿಕ್ ಸುಲಿದು, ಮೇಡಂ ತೆಳ್ಳನೆಯ ಅಲಗಿನಿಂದ ಅಡ್ಡಡ್ಡ ಕೆರೆಯುತ್ತ ಬಂದರು. ಉದ್ದುದ್ದಕ್ಕೆ ಎಳೆದರೆ ಮೇಲಿನದು ಕೆಳಗಿನದಕ್ಕೆ ಮೆತ್ತಿಕೊಳ್ಳುತ್ತದೆ. ಕಪ್ಪು ಕೆಸರು, ನುಣ್ಣಗೆ, ಏನೂ ಇಲ್ಲ. ಇನ್ನೊಂದು ಗೇಣು. ಏನೂ ಇಲ್ಲ. ಜರಡಿಯಕ್ಕ ತನ್ನ ಅಂಗೈಯನ್ನು ಸೆರಗಿಗೆ ಒರೆಸಿಕೊಂಡಳು. ಚಳಿಯಪ್ಪ ಟೋಪಿ ತೆಗೆದಿದ್ದ.

ಮಧ್ಯ ದಾಟಿದ ಮೇಲೆ ಕಂದು ಎಳೆಗಳು ಕಂಡವು. ಮೇಡಂ ಕೈ ನಿಧಾನವಾಯಿತು. ಕುಂಚದಿಂದ ನೀರು ಬಿಟ್ಟು ಬಿಟ್ಟು ಬಿಡಿಸಿದರು. ಜೊಂಡಿನ ಬುಡ, ಗಿಣ್ಣು ಸಮೇತ. ಗಿಣ್ಣಿನಿಂದ ಹೊರಟ ಬೇರುಗಳು, ಶುರುವಿನಲ್ಲಿ ದಪ್ಪ, ಆಮೇಲೆ ಸಪುರ, ಆಮೇಲೆ ಕವಲೊಡೆದು ದಾರದಂತೆ, ಕೊನೆಗೆ ಕೂದಲಿನಂತೆ. ಎಲ್ಲವೂ 'ಮೇಲೆ' ಎಂದು ಬರೆದ ತುದಿಯ ಕಡೆಗೇ ಹೋಗಿದ್ದವು.

ಮೇಡಂ ಎಣಿಸಿದರು. ಜರಡಿಯಕ್ಕ ಎಣಿಸಿದಳು. ಹದಿನೇಳು.

"ಈ ಜೊಂಡನ್ನ ಆಕಾಶದಲ್ಲಿ ನೆಟ್ಟಿದ್ರಾ ಮೇಡಂ?" ಅಂದ ಚಳಿಯಪ್ಪ.

ಮೇಡಂ ತಮ್ಮ ಕೋಣೆಗೆ ಹೋಗಿ, ಡ್ರಿಲ್ಲಿಂಗ್ ದಿನದ ಕೆಸರು ಮೆತ್ತಿದ ನೋಟ್‌ಪುಸ್ತಕ ತಂದರು. ಕೊಳವೆ ಮೇಲೆ ಬಂದಾಗ ಮೇಲ್ತುದಿಗೆ ಕೆಂಪು ಮುಚ್ಚಳ, ಕೆಳತುದಿಗೆ ಕಪ್ಪು ಮುಚ್ಚಳ ಹಾಕುವುದು ಕ್ರಮ. ಏಳನೇ ಕೊಳವೆಯ ಸಾಲನ್ನು ಅವರೇ ಗಟ್ಟಿಯಾಗಿ ಓದಿದರು: ಇದರ ಕೆಂಪು ಮುಚ್ಚಳ ಒಡೆದಿದೆ, ಎರಡೂ ಕಡೆ ಕಪ್ಪು, ಮೇಲ್ತುದಿಗೆ ಸೀಮೆಸುಣ್ಣದ ಗೀಟು.

"ಮಳೆ ಬರ್ತಿತ್ತು," ಅಂದರು ಮೇಡಂ. "ಒದ್ದೆ ಪ್ಲಾಸ್ಟಿಕ್ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದವಳು ನಾನೇ. ಆಮೇಲೆ ಅಳಿಸಿಹೋಗಿದ್ದನ್ನ ನೋಡಿ, ನೆನಪಿನ ಮೇಲೆ ನೀಲಿ ಶಾಯಿಯಲ್ಲಿ ಬರೆದವಳೂ ನಾನೇ." ಪುಸ್ತಕ ಮುಚ್ಚಿದರು. "ನನ್ನ ಕೈತಪ್ಪು. ನಿಮ್ಮದಲ್ಲ."

ಕಾರಿಡಾರಿನಲ್ಲಿದ್ದ ಗಾಜು ತೊಳೆಯುವ ಹೆಂಗಸೊಬ್ಬಳು ಚಪ್ಪಾಳೆ ಹೊಡೆದಳು. ಇನ್ನೊಬ್ಬಳಿಗೆ ಏನಾಯಿತೆಂದು ತಿಳಿಯಲಿಲ್ಲ, ಆದರೂ ಅವಳೂ ಹೊಡೆದಳು. ಜರಡಿಯಕ್ಕ ಸ್ಟೂಲನ್ನು ಎತ್ತಿಕೊಂಡು ತನ್ನ ಕೋಣೆಗೆ ಹೋದಳು. ಅರ್ಧಕ್ಕೆ ಬಿಟ್ಟ ಹೋಳೊಂದೂ ಅಲ್ಲಿರಲಿಲ್ಲ. ಹೊಸದೊಂದನ್ನು ನೆನೆಹಾಕಿದಳು.

ಶುಕ್ರವಾರ ಸಮಿತಿ ಬಂತು. ನಾಲ್ಕು ಜನ, ನಾಲ್ಕು ನೀರಿನ ಬಾಟಲಿ. ಮೇಡಂ ಮೊದಲು ಎದ್ದು ನಿಂತು, ಮುಚ್ಚಳದ ಕತೆಯನ್ನು ತಿಪ್ಪೆ ಸಾರಿಸದೆ ಹೇಳಿದರು, ಕೂತರು. ಆಮೇಲೆ ಜರಡಿಯಕ್ಕ ಉದ್ದನೆಯ ಮೇಜಿನ ಮೇಲೆ ಒಂಬತ್ತು ಕೊಳವೆಗಳ ಸೀಸೆಗಳನ್ನು ಈ ತುದಿಯಿಂದ ಆ ತುದಿಯವರೆಗೆ ಜೋಡಿಸಿದಳು, ಒಂದು ಕೊಳವೆಗೆ ಹತ್ತರಂತೆ ತೊಂಬತ್ತು. ಏಳನೆಯದನ್ನು ಸರಿಯಾದ ಮುಖಕ್ಕೆ.

"ಇಲ್ಲಿ ಚಳಿ," ಅಂದಳು. "ಇವನ್ನ ನಾವು ಕುಳ್ಳಿ ಅಂತೀವಿ. ಇಲ್ಲಿಂದ ಕುಳ್ಳಿ ಕಾಲು ಕೀಳ್ತಾಳೆ. ಇಲ್ಲಿ ಗೂಳಿ ನುಗ್ತು. ಐದು, ನಾಲ್ಕು, ಪೂರ್ತಿ ಗೂಳಿದೇ ಕಾರುಬಾರು. ಮೂರರಲ್ಲಿ ಸುಸ್ತಾಯ್ತು. ಎರಡರಲ್ಲಿ ಕುಳ್ಳಿ ವಾಪಸ್ ಬಂದ್ಲು. ಬಿಸಿ ಬಂದಿದ್ದು, ಇದ್ದಿದ್ದು, ಹೋಗಿದ್ದು, ಮೂರೂ ಒಂದೇ ಕೆರೇಲಿದೆ."

ಸಮಿತಿಯ ಹಿರಿಯ, ಬಿಳಿ ಹುಬ್ಬಿನ ಮನುಷ್ಯ, ಮುಂದೆ ಬಾಗಿದ. "ಬೇರು ಅಂದ ಮೇಲೆ ಪಕ್ಕಕ್ಕೂ ಹೋಗುತ್ತಲ್ಲಮ್ಮ?"

"ಹೋಗುತ್ತೆ ಸಾರ್. ಪಕ್ಕಕ್ಕೆ ಹೋಗಿದ್ದನ್ನ ಲೆಕ್ಕಕ್ಕೆ ತಗೊಂಡಿಲ್ಲ. ಮೇಲೆ ಕೆಳಗೆ ಅಂತ ಹೇಳಬಹುದಾದ್ದು ಹದಿನೇಳು. ಹದಿನೇಳೂ ಒಂದೇ ಕಡೆ. ನೀವು ಎಣಿಸಿ, ಅಲ್ಲೇ ಇದೆ. ತಂದಿದೀವಿ."

ಆತ ಎದ್ದು ಬಂದು ಎಣಿಸಿದ. ಭೂತಗನ್ನಡಿ ಕೆಳಗಿಟ್ಟು, "ಹದಿನೆಂಟು," ಅಂದ. "ಒಂದನ್ನ ಬಿಟ್ಟಿದ್ದೀರಿ. ಅದೂ ಅದೇ ಕಡೆಗಿದೆ."

ಅದು ಗೆಲುವು. ಏಳನೇ ಕೊಳವೆಯನ್ನು ಕೈಬಿಟ್ಟಿದ್ದರೆ ಚಳಿ ಮುಗಿದು ಬಿಸಿ ಶುರುವಾದ ಕಾಲವೇ ವರದಿಯಲ್ಲಿ ಇರುತ್ತಿರಲಿಲ್ಲ. ಆರಂಭವಿಲ್ಲದ ಕತೆಯಾಗುತ್ತಿತ್ತು. ಈಗ ಆ ಒಂದು ಮೀಟರಿನಲ್ಲೇ ಎಲ್ಲರೂ ಹುಡುಕುತ್ತಿದ್ದ ಸುದ್ದಿ ಇತ್ತು. ಬಿಸಿ ನಿಧಾನವಾಗಿ ತೆವಳಿಕೊಂಡು ಬಂದಿರಲಿಲ್ಲ. ಅರ್ಧ ಮೀಟರ್ ಕೆಸರು ತುಂಬುವಷ್ಟರಲ್ಲಿ ಬೇಸಿಗೆಗಳು ಇವತ್ತಿನ ಬೇಸಿಗೆಗಿಂತ ಹೆಚ್ಚು ಕಾವೇರಿದ್ದವು. ಸಮಿತಿ ಇನ್ನೂ ನಾಲ್ಕು ವರ್ಷದ ಕೆಲಸಕ್ಕೆ ಒಪ್ಪಿಗೆ ಕೊಟ್ಟಿತು. ಜರಡಿಯಕ್ಕನನ್ನು ಕಾಯಂ ಮಾಡಿದರು. ತೊಳೆಯುವ ಕೋಣೆಗೆ ಬಿಸಿನೀರಿನ ನಲ್ಲಿ ಬಂತು.

ಅಷ್ಟಕ್ಕೇ ಅವಳು ಬಿಡಲಿಲ್ಲ. ಮರುವಾರ ಮೇಡಂ ಮುಂದೆ ಒಂದು ಚೀಟಿ ಇಟ್ಟಳು, ಸೀಸೆಗಳಿಗೆ ಅಂಟಿಸುವ ಹೊಸ ಚೀಟಿ. ಕೊಳವೆ, ಹೋಳು ಎಂಬ ಎರಡು ಸಾಲಿನ ಕೆಳಗೆ ಅವಳ ಕೈಬರಹದಲ್ಲಿ ಮೂರು ಸಾಲು ಸೇರಿತ್ತು: ಮುಚ್ಚಳ ಹಾಕಿದವರು, ತೊಳೆದವರು, ಹೆಕ್ಕಿದವರು.

"ಮುಚ್ಚಳ ಹಾಕಿದವರೂನಾ?" ಮೇಡಂ ಕೇಳಿದರು.

"ಅದೇ ಮೊದಲು ಮೇಡಂ."

"ವರದಿಯಲ್ಲೂ ಹಾಕಬೇಕಾ ಇದನ್ನ?"

"ಕೈತಪ್ಪಾದಾಗ ಯಾರು ಅಂತ ಹುಡುಕ್ಕೊಂಡು ಬಂದ್ರಲ್ಲ. ಸರಿಯಾದಾಗಲೂ ಯಾರು ಅಂತ ಗೊತ್ತಿರಲಿ."

ಮೇಡಂ ನಕ್ಕು ಚೀಟಿಯನ್ನು ಅಚ್ಚಿಗೆ ಕಳಿಸಿದರು. ವರದಿ ಬಂದಾಗ ಜರಡಿಯಕ್ಕ ಒಂದು ಪ್ರತಿಯನ್ನು ಮನೆಗೆ ಒಯ್ದಳು. ಅತ್ತೆ ಕಣ್ಣು ಕಿರಿದು ಮಾಡಿ ಸೊಸೆಯ ಹೆಸರಿದ್ದ ಪುಟವನ್ನು ತುಂಬ ಹೊತ್ತು ಹಿಡಿದುಕೊಂಡಿದ್ದಳು. "ಅಂತೂ ಲಕ್ಷ ವರ್ಷದ ಕೆಸರಲ್ಲೂ ಕೊನೆಗೆ ನಿನ್ನ ಮಾತೇ ನಡೀತು ಅನ್ನು," ಎಂದಳು. ಪಕ್ಕದ ಮನೆಯವಳಿಗೆ ತೋರಿಸಲು ಎದ್ದು ಹೋದಳು. ಹೋದವಳು ಒಂದು ಗಂಟೆ ಬರಲಿಲ್ಲ.

ಆ ವರದಿಯನ್ನು ಈಗ ಹತ್ತಾರು ಕಡೆ ಓದುತ್ತಾರೆ. ಹಾಗೆಯೇ ಇನ್ನೂ ಸಾವಿರ ವರದಿಗಳು ಓಡಾಡುತ್ತಿವೆ, ಅವುಗಳಲ್ಲಿ ಕೆಲವಕ್ಕಾದರೂ ನೀವು ಸಹಿ ಹಾಕುತ್ತೀರಿ, ಹಣ ಮಂಜೂರು ಮಾಡುತ್ತೀರಿ, ತರಗತಿಯಲ್ಲಿ ಪಾಠ ಮಾಡುತ್ತೀರಿ, ಪತ್ರಿಕೆಯಲ್ಲಿ ಸುದ್ದಿ ಬರೆಯುತ್ತೀರಿ. ನಿಮ್ಮ ಮೇಜಿನ ಮೇಲೆ ಈಗ ಇರುವುದನ್ನು ತೆರೆಯಿರಿ. ತೊಳೆದವರು ಯಾರು, ಹೆಕ್ಕಿದವರು ಯಾರು, ಹುಡುಕಿ. ಹೆಸರಿಲ್ಲದಿದ್ದರೆ ಬರೆದವರನ್ನು ಕೇಳಿ. ಅವರು ಹೇಳುವವರೆಗೆ ಸಹಿ ಹಾಕಬೇಡಿ.